ಬಿಟ್ಟಿ ಕೈಗಳು

ಕಂಡಕ್ಟರನಿಗೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರಲಿಲ್ಲ.

ಊಟಕ್ಕೆ ಕೊರತೆಯಿರಲಿಲ್ಲ, ಬಟ್ಟೆಗಿರಲಿಲ್ಲ, ಮಲಗಲು ಮಗನ ಮನೆಯ ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚವೇ ಇತ್ತು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಆ ದುಃಖವೂ ಹಳೆಯ ಚಪ್ಪಲಿಯ ಹಾಗೆ ಕಾಲಿಗೆ ಒಗ್ಗಿಹೋಗಿತ್ತು. ಆದರೆ ಬದುಕಿಡೀ ನಸುಕಿನ ಮೊದಲ ಬಸ್ಸು ಹತ್ತಿದ ಮನುಷ್ಯನಿಗೆ ನಿವೃತ್ತಿಯಾದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಎದ್ದು, ಮುಖ ತೊಳೆದು, ತಲೆ ಬಾಚಿ, ಶರಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು ತಯಾರಾದ ಮೇಲೆ, ಎಲ್ಲಿಗೆ ಎಂಬ ಪ್ರಶ್ನೆ ಬಾಗಿಲಲ್ಲಿ ಅಡ್ಡ ನಿಲ್ಲುತ್ತಿತ್ತು.

ಬೇರೆ ದಾರಿ ಕಾಣದೆ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದ. ಈಗಿನ ಬಸ್ಸುಗಳಲ್ಲಿ ಕಂಡಕ್ಟರ್ ಎಂಬ ತಳಿಯೇ ಇಲ್ಲ. ಬಾಗಿಲ ಪಕ್ಕ ಒಂದು ಯಂತ್ರ; ಜನ ಕಾರ್ಡು ತೋರಿಸಿದರೆ ಕೀಚ್ ಎನ್ನುತ್ತದೆ. ಇವನು ಕೆಳಗೆ ನಿಂತು, "ಒಳಗೆ ನಡೀರಿ, ಹಿಂದೆ ಜಾಗ ಇದೆ, ಬಾಗಿಲಲ್ಲಿ ಜೋತಾಡಬೇಡಿ" ಎಂದು ಕೂಗುತ್ತಿದ್ದ. ಹಿಂದೆ ಜಾಗ ಇರುತ್ತಿರಲಿಲ್ಲ. ಅವನ ಕಾಲದಲ್ಲೂ ಇರುತ್ತಿರಲಿಲ್ಲ. ಜಾಗ ಇಲ್ಲ ಎಂದು ಯಾರನ್ನೂ ಕೆಳಗೆ ಬಿಟ್ಟು ಹೋಗಲಿಲ್ಲ ಎಂಬುದೇ ಅವನ ಹೆಮ್ಮೆ. ಒಂದು ದಿನ ಡ್ರೈವರೊಬ್ಬ ಕಿಟಕಿಯಿಂದ ತಲೆ ಹಾಕಿ, "ಯಜಮಾನ್ರೇ, ಬೈಸ್ಕೊಳ್ಳೋಕೆ ಮನೇಲಿ ಯಾರೂ ಇಲ್ವಾ?" ಎಂದ.

ಮನೆಯಲ್ಲಿ ಬೈಸಿಕೊಳ್ಳುವವರಿದ್ದರು. ಅಡುಗೆಮನೆ ಎಂದರೆ ಇಬ್ಬರು ನಿಂತರೆ ಮೊಣಕೈ ತಾಗುವಷ್ಟು. ಸೊಸೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಒಲೆ ಮುಂದೆ ನಿಂತಿದ್ದರೆ ಕಂಡಕ್ಟರ್ ಬಾಗಿಲಿಗೆ ಒರಗಿ, ಹಾಲು ಉಕ್ಕುತ್ತದೆ ಎಂದು ಉಕ್ಕುವ ಮೊದಲೇ ಹೇಳುತ್ತಿದ್ದ. ಮೊಮ್ಮಗಳು ಪುಟ್ಟಿಗೆ ಸ್ಕೂಲಿಗೆ ತಡವಾಯಿತು ಎಂದು ಅವಳಿಗೆ ಎಚ್ಚರವಾಗುವ ಮೊದಲೇ ಕೂಗುತ್ತಿದ್ದ.

"ಮಾವ, ಇದು ಬಸ್ಸಲ್ಲ," ಎಂದಳು ಒಮ್ಮೆ ಸೊಸೆ, ಸೌಟು ಹಿಡಿದೇ ತಿರುಗಿ. "ಇಲ್ಲಿ ಹಿಂದೇನೂ ಜಾಗ ಇಲ್ಲ, ಮುಂದೇನೂ ಜಾಗ ಇಲ್ಲ. ನಿಮಗೆ ತಿನ್ನೋಕೆ ಯಾರದಾದ್ರೂ ತಲೆ ಬೇಕು ಅಷ್ಟೇ. ನಮ್ಮ ವಾರ್ಡಿಗೆ ಬನ್ನಿ, ಅಲ್ಲಿ ಮೂವತ್ತು ತಲೆ ಇವೆ. ಒಂದೂ ಎದ್ದು ಓಡಲ್ಲ."

ಅವಳು ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಯಾ. ಲಕ್ವ ಹೊಡೆದವರ ಉದ್ದನೆಯ ವಾರ್ಡು ಅವಳದು. ಗುತ್ತಿಗೆಯ ಕೆಲಸ. ತೊಳೆಯುವುದು, ಮಗ್ಗುಲು ಬದಲಿಸುವುದು, ಕೈಯೆತ್ತಲಾಗದವರಿಗೆ ಊಟ ಮಾಡಿಸುವುದು. ಅಲ್ಲಿಗೆ ಬಿಟ್ಟಿ ಸೇವೆಗೆ ಬರುವವರದೊಂದು ಬಳಗವಿತ್ತು. ಹಳದಿ ಮೇಲಂಗಿ ತೊಟ್ಟು ಬಂದು, ಪೇಪರ್ ಓದಿ ಹೇಳಿ, ದಿಂಬು ಸರಿಮಾಡಿ ಹೋಗುತ್ತಿದ್ದರು. ಸೊಸೆ ತಮಾಷೆಗೆ ಆಡಿದ ಮಾತನ್ನು ಕಂಡಕ್ಟರ್ ಗಟ್ಟಿಯಾಗಿ ಹಿಡಿದುಕೊಂಡ. ಮರುದಿನವೇ ಅವಳ ಬೆನ್ನು ಹತ್ತಿ ಹೋದ.

ಬಳಗದ ಮುಖ್ಯಸ್ಥೆ ನಿವೃತ್ತ ಹೆಡ್‌ಮಿಸ್. ಎಲ್ಲರೂ ಟೀಚರ್ ಎನ್ನುತ್ತಿದ್ದರು. ಹೊಸಬರಿಗೆ ಆಕೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು. "ಸೇವೆಯಿಂದ ಲಾಭ ರೋಗಿಗಳಿಗಿಂತ ನಮಗೇ ಜಾಸ್ತಿ. ರಕ್ತದೊತ್ತಡ ಇಳಿಯುತ್ತೆ, ನಿದ್ದೆ ಬರುತ್ತೆ, ಮನಸ್ಸು ಹಗುರಾಗುತ್ತೆ, ಆಯಸ್ಸು ಹೆಚ್ಚುತ್ತೆ. ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಿದ್ದಾರೆ."

"ಟೀಚರ್, ಇರೋ ಆಯಸ್ಸನ್ನೇ ಎಲ್ಲಿ ಇಡೋದು ಗೊತ್ತಾಗ್ತಿಲ್ಲ," ಎಂದ ಕಂಡಕ್ಟರ್. "ಅದರ ಮೇಲೆ ಇನ್ನಷ್ಟು ಕೊಡ್ತೀರಾ?"

ಯಾರೂ ನಗಲಿಲ್ಲ. ಟೀಚರ್ ಅವನ ಕೈಗೆ ಮೇಲಂಗಿ ಕೊಟ್ಟರು. ಹೊಟ್ಟೆಯ ಹತ್ತಿರ ಗುಂಡಿ ಕೂರಲಿಲ್ಲ.

ಅವನಿಗೆ ಸಿಕ್ಕವನು ಏಳನೆಯ ಹಾಸಿಗೆಯ ಬಡಗಿ. ಊರಿನ ಎಷ್ಟೋ ಮನೆಗಳ ಬಾಗಿಲು ಕೂರಿಸಿದವನು. ಈಗ ಬಲಗಡೆ ಪೂರ್ತಿ ಸತ್ತಿತ್ತು. ನಾಲಿಗೆಯಲ್ಲಿ ಒಂದೇ ಮಾತು ಉಳಿದಿತ್ತು: ಅಲ್ಲ. ಹಸಿವಾ ಅಂದರೆ ಅಲ್ಲ. ಹೊಟ್ಟೆ ತುಂಬಿತಾ ಅಂದರೆ ಅಲ್ಲ. ಅವನನ್ನು ನೋಡಲು ಬರುವವರು ಯಾರೂ ಇರಲಿಲ್ಲ.

ಊಟ ಮಾಡಿಸುವುದನ್ನು ಸೊಸೆಯೇ ಕಲಿಸಿದಳು. ಮನೆಯಲ್ಲಿ ಒಲೆ ಮುಂದೆ ರೇಗುವವಳ ದನಿ ಇಲ್ಲಿ ಬೇರೆಯೇ ಆಗಿತ್ತು.

"ಮೊದಲು ಎತ್ತಿ ಕೂರಿಸಿ. ಮಲಗಿಸಿ ತಿನ್ನಿಸಿದ್ರೆ ತುತ್ತು ಉಸಿರಿನ ದಾರಿಗೆ ಇಳಿಯುತ್ತೆ. ಗದ್ದ ಕೆಳಗಿರಲಿ. ಚಮಚ ಕೆಳಗಿಂದ ಬರಬೇಕು ಮಾವ, ಮೇಲಿಂದ ತಂದ್ರೆ ಅವರು ತಲೆ ಎತ್ತಿಬಿಡ್ತಾರೆ. ಹಾಂ. ಈಗ ಗಂಟಲ ಗಂಟು ನೋಡಿ. ಏರಿ ಇಳೀಬೇಕು."

"ಇಳೀತು."

"ಈಗ ಕೆನ್ನೆ ನೋಡಿ. ಸತ್ತ ಕಡೆ ಕೆನ್ನೇಲಿ ಅರ್ಧ ಅಡಗಿರುತ್ತೆ, ಅವರಿಗೇ ಗೊತ್ತಾಗಲ್ಲ. ಅದೂ ಹೋದ ಮೇಲೆ ಇನ್ನೊಂದು ಚಮಚ."

"ಹೀಗಾದ್ರೆ ಒಂದು ಬಟ್ಟಲು ಗಂಜಿ ಮುಗಿಯೋದು ಯಾವಾಗ?"

"ಅವರು ನುಂಗಿದಾಗ."

ಬಟ್ಟಲು ಮುಗಿಯುವ ಹೊತ್ತಿಗೆ ಕಂಡಕ್ಟರನ ಕೈ ಸೋತಿತ್ತು. "ಸಾಕಾ ಮಹಾರಾಯ?" ಎಂದ. "ಅಲ್ಲ," ಎಂದ ಬಡಗಿ. ಆ ಅಲ್ಲದೊಳಗೆ ಒಂದು ನಗುವಿತ್ತು. "ನನ್ನ ಹೆಂಡತೀನೂ ಬದುಕಿರೋವರೆಗೂ ಇದೊಂದೇ ಮಾತಾಡಿದ್ದು, ನಂಗೆ ಅಭ್ಯಾಸ ಇದೆ," ಎಂದು ಕಂಡಕ್ಟರ್ ಅವನ ಬಾಯಿ ಒರೆಸಿದ.

ಟೀಚರ್ ಹೇಳಿದ್ದು ಸುಳ್ಳಾಗಲಿಲ್ಲ. ಕೆಲವೇ ವಾರಗಳಲ್ಲಿ ಅವನಿಗೆ ಕಲ್ಲಿನ ಹಾಗೆ ಬಿದ್ದುಕೊಳ್ಳುವಂಥ ನಿದ್ದೆ ಬರತೊಡಗಿತು. ಡಾಕ್ಟರು ರಕ್ತದೊತ್ತಡ ನೋಡಿ ಮಾತ್ರೆ ಅರ್ಧ ಮಾಡಿದರು. ಬಸ್ ನಿಲ್ದಾಣದ ಕಡೆ ಅವನು ತಲೆ ಹಾಕಿಯೂ ಮಲಗಲಿಲ್ಲ. ಹಾಲು ಉಕ್ಕಿದರೆ ಉಕ್ಕಲಿ ಎಂದು ಸುಮ್ಮನಿದ್ದ. ಮಗ ಕಿಟಕಿಯ ಕಂಬಿಗಳನ್ನು ಬೆಸುಗೆ ಹಾಕುವ ಕೆಲಸದವನು, ಮಾತು ಕಡಿಮೆ. ಅವನೇ ಒಂದು ದಿನ, "ಅಪ್ಪಂಗೆ ವಯಸ್ಸು ಇಳೀತಾ ಇದೆ," ಎಂದ.

ಎಲ್ಲಕ್ಕಿಂತ ದೊಡ್ಡ ಲಾಭ ಆಸ್ಪತ್ರೆಯಿಂದ ಮನೆಗೆ ನಡೆದು ಬರುವ ದಾರಿಯಲ್ಲಿತ್ತು. ಸೊಸೆ ಮನೆಗೆ ಬಂದಾಗಿನಿಂದ ಇಬ್ಬರ ನಡುವೆ ನಡೆದ ಮಾತೆಂದರೆ ಊಟ ಆಯ್ತಾ, ಆಯ್ತು; ಇಲ್ಲವೇ ಒಲೆ ಮುಂದಿನ ರೇಗಾಟ. ಈಗ ಇಬ್ಬರೂ ಒಂದೇ ವಾರ್ಡಿನವರು. ಅವಳು ಹೆಡ್ ಸಿಸ್ಟರ್ ಕನ್ನಡಕದ ಮೇಲಿಂದ ನೋಡುವುದನ್ನು ನಟಿಸಿ ತೋರಿಸುತ್ತಿದ್ದಳು. ತಾನು ನರ್ಸ್ ಆಗಬೇಕೆಂದಿದ್ದು, ಅಪ್ಪ ತಮ್ಮನನ್ನು ಓದಿಸಿದ್ದು, ಇದನ್ನೆಲ್ಲ ಅವಳು ಗಂಡನಿಗೂ ಹೇಳಿರಲಿಲ್ಲ. ಅವನು ತನ್ನ ಹಳೆಯ ಕಥೆಗಳನ್ನು ಬಿಚ್ಚುತ್ತಿದ್ದ. ಸಾರಿಗೆ ನೌಕರರ ಮುಷ್ಕರದಲ್ಲಿ ಡಿಪೋ ಗೇಟಿಗೆ ಅಡ್ಡ ಮಲಗಿದ್ದು. ಜನರಿಗೆ ತೊಂದರೆಯಾಗಬಾರದೆಂದು ಬಸ್ಸು ಓಡಿಸಲು ಬಂದ ಕಾಲೇಜು ಹುಡುಗರಿಗೆ ತಾನು ಕಲ್ಲು ಬೀಸಿದ್ದು. ಕಲ್ಲು ಗುರಿ ತಪ್ಪಿ ತಮ್ಮದೇ ಯೂನಿಯನ್ ಕಾರ್ಯದರ್ಶಿಯ ಬೆನ್ನಿಗೆ ಬಿದ್ದಿದ್ದು.

"ಅಯ್ಯೋ ಮಾವ!" ಎಂದು ಅವಳು ರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ನಗು ಹೀಗಿರುತ್ತದೆಂದು ಕಂಡಕ್ಟರನಿಗೆ ಗೊತ್ತಿರಲಿಲ್ಲ.

ಅವನು ಸುಮ್ಮನೆ ಕೂರುವ ಪೈಕಿಯಲ್ಲ. ತನ್ನಂಥ ಮೂಲೆಗೆ ಬಿದ್ದವರನ್ನೆಲ್ಲ ಎಳೆದು ತಂದ. ಹಳೆಯ ಡ್ರೈವರ್ ಬಂದ, ಕಣ್ಣು ಮಂಜಾದ ದರ್ಜಿ ಬಂದ, ಬೇಕರಿಯವನ ಹೆಂಡತಿ ಬಂದಳು, ಸರ್ಟಿಫಿಕೇಟಿಗೆಂದು ಕಾಲೇಜಿನ ಮಕ್ಕಳೂ ಬಂದರು. ಎಲ್ಲರಿಗೂ ಚಮಚ ಹಿಡಿಯುವುದನ್ನು ಅವನೇ ಕಲಿಸಿದ, ಸೊಸೆಯಿಂದ ಕಲಿತ ಮಾತುಗಳಲ್ಲೇ. ವಾರ್ಡಿನಲ್ಲಿ ತಟ್ಟೆಗಳು ಖಾಲಿಯಾಗಿ ಹಿಂದಿರುಗತೊಡಗಿದವು. ಬೆನ್ನಿನ ಹುಣ್ಣುಗಳು ಕಡಿಮೆಯಾದವು. ಆಯಾಗಳಲ್ಲಿ ಹಿರಿಯಳು ದಪ್ಪಕ್ಕ, ಅವಳು ಸೊಸೆಯ ಬೆನ್ನು ತಟ್ಟಿ, "ನಿನ್ನ ಮಾವ ಬಂದ ಮೇಲೆ ಕೂತ್ಕೊಂಡು ಟೀ ಕುಡಿದೆ ಕಣೇ. ಇಷ್ಟು ದಿನ ನಿಂತೇ ಕುಡೀತಿದ್ದೆ," ಎಂದಳು.

ಹೀಗೆ ಎಲ್ಲ ಸರಿಯಾಗಿತ್ತು. ಸರಿಯಾಗಿದ್ದುದು ಗುತ್ತಿಗೆದಾರನ ಕಣ್ಣಿಗೂ ಬಿತ್ತು.

ಹೊಸ ಗುತ್ತಿಗೆಯಲ್ಲಿ ಪ್ರತಿ ಪಾಳಿಯ ಆಯಾಗಳನ್ನು ಅರ್ಧ ಮಾಡುತ್ತಾರೆ ಎಂಬ ಸುದ್ದಿ ಬಂತು. ಹನ್ನೊಂದು ಜನ ಆಯಾಗಳೂ ಸೇರಿ ಮುಷ್ಕರ ಎಂದರು. ಯಾರನ್ನೂ ತೆಗೆಯಬಾರದು, ಕೆಲಸ ಕಾಯಂ ಮಾಡಬೇಕು. ಮುಷ್ಕರದ ಹಿಂದಿನ ದಿನ ಸಂಜೆ ಸೊಸೆ ಒಗೆದ ಬಟ್ಟೆ ಮಡಿಸುತ್ತ ಮಾವನ ಎದುರು ಕುಳಿತಳು.

"ನಾಳೆಯಿಂದ ನೀವು ಬರಬೇಡಿ ಮಾವ. ನಿಮ್ಮ ಬಳಗದವರಿಗೂ ಹೇಳಿ."

"ನಂಗೆ ಹೇಳಿಕೊಡ್ತೀಯಾ? ನೀನು ಹುಟ್ಟೋ ಮೊದಲೇ ನಾನು ಡಿಪೋ ಗೇಟಲ್ಲಿ ಮಲಗಿದವನು."

"ಅದಕ್ಕೇ ಹೇಳ್ತಿರೋದು. ನಿಮಗಾದ್ರೆ ಅರ್ಥ ಆಗುತ್ತೆ."

"ರೋಗಿಗಳ ಗತಿ?"

"ಸಿಸ್ಟರ್‌ಗಳು ಇರ್ತಾರಲ್ಲ, ಸಾಯೋಕೆ ಬಿಡಲ್ಲ. ಆದ್ರೆ ವಾರ್ಡು ನಾರಬೇಕು. ಆ ವಾಸನೆ ಸೂಪರಿಂಟೆಂಡೆಂಟ್ ಸಾಹೇಬರ ಕೋಣೆವರೆಗೂ ಹೋಗಬೇಕು. ಆಗಲೇ ಅವರು ಮಾತಿಗೆ ಬರೋದು. ನೀವು ಹೋಗಿ ತಿನ್ನಿಸಿ ತೊಳೆದು ಬಂದ್ರೆ ನಾವು ಗೇಟಲ್ಲಿ ಕೂತು ಕೂಗೋದು ನಾಯಿ ಬೊಗಳಿದ ಹಾಗೆ."

"ಆಯ್ತು," ಎಂದ ಕಂಡಕ್ಟರ್. "ಹೋಗಲ್ಲ."

ಮೊದಲ ದಿನ ಅವನು ಹೋಗಲಿಲ್ಲ. ಮಂಚದ ಮೇಲೆ ಕುಳಿತು ಗೋಡೆ ನೋಡಿದ. ಮಧ್ಯಾಹ್ನ ತನ್ನ ತಟ್ಟೆ ಮುಂದೆ ಕುಳಿತಾಗ ಬಡಗಿಯ ಗಂಟಲ ಗಂಟು ಕಣ್ಣಿಗೆ ಕಟ್ಟಿತು. ಸಂಜೆ ಟೀಚರ್ ಫೋನ್ ಮಾಡಿದರು. "ಮುಷ್ಕರ ಅವರ ಹಕ್ಕು, ನಾನು ಅಡ್ಡ ಬರಲ್ಲ. ಆದ್ರೆ ಏಳನೆಯವರು ಬೆಳಿಗ್ಗೆಯಿಂದ ಬಾಯಿ ತೆರೆದಿಲ್ಲ. ಸಿಸ್ಟರ್ ಅವಸರಕ್ಕೆ ತುರುಕೋಕೆ ಹೋದ್ರೆ ಉಗೀತಾರೆ. ನಿಮ್ಮ ಕೈಯಾದ್ರೆ ತಿಂತಾರೇನೋ. ಯೋಚನೆ ಮಾಡಿ."

ಅವನು ಯೋಚನೆ ಮಾಡಿದ. ಒಬ್ಬನಿಗೆ ಒಂದು ಬಟ್ಟಲು ಗಂಜಿ ಕುಡಿಸಿದರೆ ಮುಷ್ಕರ ಮುರಿದು ಬೀಳುತ್ತದೆಯೇ? ಒಬ್ಬನಿಗೆ ಮಾತ್ರ. ಅದೂ ಯಾರಿಗೂ ಕಾಣದ ಹಾಗೆ.

ಮರುದಿನ ಸೊಸೆ ಮುಂದಿನ ಗೇಟಿಗೆ ಹೋದ ಮೇಲೆ ಅವನು ಹಿಂದಿನ ಬೀದಿಯಿಂದ ಸುತ್ತಿ, ಬಟ್ಟೆ ಒಗೆಯುವ ಮನೆಯ ಬಾಗಿಲಿಂದ ಒಳಹೊಕ್ಕ. ಒದ್ದೆ ಚಾದರಗಳ ನಡುವೆ ತಲೆ ಬಗ್ಗಿಸಿಕೊಂಡು ನಡೆದ. ವಾರ್ಡು ನಾರುತ್ತಿತ್ತು. ಬಡಗಿ ಅವನನ್ನು ಕಂಡು ಎಡಗೈಯಿಂದ ಅವನ ತೋಳು ಹಿಡಿದ, ಬಿಡಲಿಲ್ಲ. ಬಟ್ಟಲು ಖಾಲಿಯಾಯಿತು. ಕಂಡಕ್ಟರ್ ಎದ್ದ. ಎಂಟನೆಯ ಹಾಸಿಗೆಯವನು ಅವನನ್ನೇ ನೋಡುತ್ತಿದ್ದ. ಅವನ ಎದೆಯ ಮೇಲೆ ತಟ್ಟೆ ಇಟ್ಟು ಯಾರೋ ಹೋಗಿದ್ದರು. ಕೈ ಏಳದೆ ತಟ್ಟೆ ಹಾಗೇ ಆರಿತ್ತು. ಅದರಾಚೆ ಒಂಬತ್ತನೆಯವನು.

ಒಬ್ಬನನ್ನು ಹತ್ತಿಸಿಕೊಂಡ ಮೇಲೆ ಇನ್ನೊಬ್ಬನ ಮುಖಕ್ಕೆ ಬಾಗಿಲು ಹಾಕುವುದು ಕಂಡಕ್ಟರನಿಗೆ ಬರದ ವಿದ್ಯೆ. ಮಧ್ಯಾಹ್ನದೊಳಗೆ ಅವನು ಹಳೆಯ ಡ್ರೈವರನಿಗೆ ಫೋನ್ ಮಾಡಿದ್ದ. ಡ್ರೈವರು ದರ್ಜಿಗೆ ಮಾಡಿದ. ಮೂರನೆಯ ದಿನ ಬಳಗವೆಲ್ಲ ಬಟ್ಟೆ ಒಗೆಯುವ ಮನೆಯ ಬಾಗಿಲಿಂದ ಸಾಲಾಗಿ ಒಳಗೆ ಬಂತು. ಕಂಡಕ್ಟರ್ ಅವರನ್ನು ಹಾಸಿಗೆ ಹಾಸಿಗೆಗೆ ಹಂಚಿದ. ಇಬ್ಬರು ತೊಳೆಯುವುದಕ್ಕೆ, ಇಬ್ಬರು ಮಗ್ಗುಲು ತಿರುಗಿಸುವುದಕ್ಕೆ, ಉಳಿದವರು ಚಮಚಕ್ಕೆ. ಅವನ ಗಂಟಲು ಎಷ್ಟೋ ವರ್ಷಗಳ ಮೇಲೆ ಪೂರ್ತಿ ತೆರೆಯಿತು. "ಹತ್ತೊಂಬತ್ತಕ್ಕೆ ಯಾರೂ ಇಲ್ಲ, ಮುಂದೆ ನಡೀರಿ! ಅಲ್ಲೇನು ಗುಂಪು?" ವಾರ್ಡು ಹೊತ್ತಿಗೆ ಸರಿಯಾಗಿ ಬಿಟ್ಟ ಬಸ್ಸಿನ ಹಾಗೆ ಓಡಿತು. ಆ ದಿನ ಅವನಷ್ಟು ಸುಖಿ ಊರಿನಲ್ಲಿ ಇನ್ನೊಬ್ಬನಿರಲಿಲ್ಲ. ಗೇಟಿನ ಕಡೆಯಿಂದ ಘೋಷಣೆ ಕೇಳುತ್ತಿತ್ತು. ಬೇಕರಿಯವನ ಹೆಂಡತಿ ಕಿಟಕಿ ಮುಚ್ಚಿದಳು. ಅವನು ಬೇಡ ಎನ್ನಲಿಲ್ಲ.

ಮನೆಯಲ್ಲಿ ಅವನು ಈ ವಿಷಯ ಎತ್ತಲಿಲ್ಲ. ಸೊಸೆ ಗಂಟಲು ಕಟ್ಟಿಸಿಕೊಂಡು ಬಂದು ಮಲಗುತ್ತಿದ್ದಳು. "ಇನ್ನೆರಡು ದಿನ ಅಷ್ಟೇ. ಒಳಗೆ ಹೇಗೆ ನಡೀತಿದೆಯೋ ಗೊತ್ತಿಲ್ಲ, ಸಾಹೇಬರು ಇನ್ನೂ ಜಗ್ಗಿಲ್ಲ," ಎಂದು ಗಂಡನಿಗೆ ಹೇಳುವುದು ಕಂಡಕ್ಟರನ ಮಂಚದವರೆಗೂ ಕೇಳಿತು. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಐದನೆಯ ದಿನ ಸೂಪರಿಂಟೆಂಡೆಂಟ್ ವಾರ್ಡಿಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದೇ ಬಂದವರು ಅದನ್ನು ಮಡಿಸಿ ಜೇಬಿಗಿಟ್ಟರು. ಸ್ವಚ್ಛ ಚಾದರ, ಖಾಲಿ ತಟ್ಟೆ. ಸುತ್ತ ನೋಡಿ, "ಇದನ್ನೆಲ್ಲ ನೋಡ್ಕೋತಿರೋರು ಯಾರು?" ಎಂದರು. ಟೀಚರ್ ಕಂಡಕ್ಟರನನ್ನು ಮುಂದೆ ತಳ್ಳಿದರು.

"ಭಾರ ಆಗ್ತಿದೆಯಾ ಯಜಮಾನ್ರೇ? ಎಷ್ಟು ದಿನ ಹೀಗೆ ಮಾಡಬಲ್ಲಿರಿ?"

ಆಗುವುದಿಲ್ಲ ಎನ್ನಬಹುದಿತ್ತು. ಕೈಕಾಲು ಬಿದ್ದುಹೋಗಿದೆ ಸಾರ್, ಆಯಾಗಳನ್ನು ಕರೆಸಿ ಎನ್ನಬಹುದಿತ್ತು. ಮೊಣಕಾಲು ಊದಿಕೊಂಡಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಜಾಗ ಇದೆಯಾ ಎಂದು ಯಾರಾದರೂ ಕೇಳಿದರೆ ಅವನ ಬಾಯಿಗೆ ಬರುತ್ತಿದ್ದುದು ಜೀವಮಾನವಿಡೀ ಒಂದೇ ಉತ್ತರ.

"ಇದೊಂದು ವಾರ್ಡು ಏನು ಸಾರ್, ಪಕ್ಕದ್ದೂ ಕೊಡಿ! ನಮ್ಮವರಿದ್ದಾರೆ, ನಡೆಸ್ತೀವಿ."

ಬಳಗದವರು ಚಪ್ಪಾಳೆ ತಟ್ಟಿದರು. ಸೂಪರಿಂಟೆಂಡೆಂಟ್ ಅವನ ಹೆಗಲ ಮೇಲೆ ಕೈ ಹಾಕಿ, "ಬನ್ನಿ, ಹೀಗೆ ಒಂದು ನಿಮಿಷ," ಎಂದು ಮೆಟ್ಟಿಲಿಳಿಸಿ, ಅಂಗಳ ದಾಟಿಸಿ, ನೇರ ಮುಂದಿನ ಗೇಟಿಗೆ ಕರೆದುಕೊಂಡು ಹೋದರು. ಎಲ್ಲಿಗೆ ಹೋಗುತ್ತಿದ್ದೇವೆಂದು ಕಂಡಕ್ಟರನಿಗೆ ಗೊತ್ತಾದಾಗ ಗೇಟಿನ ಕಂಬಿಗಳು ಎದುರಿಗೇ ಇದ್ದವು. ಹೆಗಲ ಮೇಲಿನ ಕೈ ಭಾರವಾಗಿತ್ತು.

"ನೋಡ್ರಮ್ಮಾ," ಎಂದರು ಸೂಪರಿಂಟೆಂಡೆಂಟ್. "ಈ ಹಿರಿಯರು, ಇವರ ಗೆಳೆಯರು, ಒಂದು ಪೈಸೆ ಕೇಳದೆ ನಿಮ್ಮ ಕೆಲಸ ಮಾಡ್ತಿದ್ದಾರೆ. ನಿಮಗಿಂತ ಚೆನ್ನಾಗಿ ಮಾಡ್ತಿದ್ದಾರೆ. ಇಡೀ ಆಸ್ಪತ್ರೆ ನಡೆಸ್ತೀವಿ ಅಂತಿದ್ದಾರೆ. ನೀವಿನ್ನು ಬಿಸಿಲಲ್ಲಿ ಯಾಕೆ ಕೂತಿದ್ದೀರಿ?"

ಘೋಷಣೆ ನಿಂತಿತು. ಹನ್ನೊಂದು ಜನರಲ್ಲಿ ಸೊಸೆ ಎರಡನೆಯ ಸಾಲಿನಲ್ಲಿ ಕುಳಿತಿದ್ದಳು, ತಲೆಗೆ ಬಟ್ಟೆ ಹಾಕಿಕೊಂಡು. ಅವಳು ಮೊದಲು ಹಳದಿ ಮೇಲಂಗಿ ನೋಡಿದಳು, ಆಮೇಲೆ ಮುಖ. ದಪ್ಪಕ್ಕ ಅವಳ ಕಡೆ ತಿರುಗಿದಳು. "ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ನಮ್ಮಜ್ಜಿ ಹೇಳ್ತಿದ್ಲು. ಯಾರ ಮನೆಯವನೋ ಅಂತಿದ್ದೆ. ನಿಮ್ಮ ಮನೆಯವನೇ ಕಣೇ."

ಸೊಸೆ ಎದ್ದು ಬಟ್ಟೆ ಕೊಡವಿಕೊಂಡು ಮನೆಯ ಕಡೆ ನಡೆದಳು. ಅವಳು ಎದ್ದ ಜಾಗವನ್ನು ಪಕ್ಕದವರು ಸರಿದು ತುಂಬಲಿಲ್ಲ.

ಆ ಸಂಜೆ ತಟ್ಟೆಗಳ ಮುಂದೆ ನಾಲ್ವರೂ ಕುಳಿತಿದ್ದರು. ಮಗ, "ಅಪ್ಪಾ, ನೀವು ಹೋಗಬಾರದಿತ್ತು," ಎಂದ. ಅಷ್ಟು ಹೇಳಲು ಅವನಿಗೆ ಒಂದು ತಟ್ಟೆಯ ಊಟ ಹಿಡಿದಿತ್ತು.

"ಬಡಗಿಗೆ ಹಸಿವಾಗಿತ್ತು," ಎಂದ ಕಂಡಕ್ಟರ್, ಸೊಸೆಯ ಕಡೆ ನೋಡದೆ. "ಅವನೇನು ತಪ್ಪು ಮಾಡಿದ್ದ ಕಣಮ್ಮಾ?"

"ಏನೂ ಮಾಡಿಲ್ಲ. ಹಸಿವಾಗಿತ್ತು ಅಂತ ನಂಗೂ ಗೊತ್ತಿತ್ತು. ನೀವು ಚಮಚ ಹಿಡಿಯೋ ಮೊದಲು ಅವರಿಗೆ ತಿನ್ನಿಸ್ತಿದ್ದೋಳು ನಾನು." ಅವಳ ದನಿ ಒಡೆದು ಹೋಗಿತ್ತು, ಕೂಗಿ ಕೂಗಿ. "ಅವರ ಹಸಿವೇ ನಮ್ಮ ಕೈಲಿದ್ದ ದೊಣ್ಣೆ. ಕೆಟ್ಟ ದೊಣ್ಣೆನೇ. ಬೇರೆ ಇರಲಿಲ್ಲ."

"ನಾನು ಬೇಕಂತ ಮಾಡಲಿಲ್ಲ."

"ಬೇಕಂತ ಮಾಡಿದ್ರೆ ಜಗಳನಾದ್ರೂ ಆಡಬಹುದಿತ್ತು. ಆ ಕಾಲೇಜು ಹುಡುಗರಿಗೆ ಕಲ್ಲು ಬೀಸಿದ್ರಲ್ಲ ಮಾವ, ಅವರೇನು ಬೇಕಂತ ಬಂದಿದ್ರಾ? ಅವರೂ ಒಳ್ಳೇದು ಮಾಡೋಕೇ ಬಂದಿದ್ರು."

ಪುಟ್ಟಿ ಎಲ್ಲರ ಮುಖ ನೋಡಿ, ಯಾರೂ ತನ್ನನ್ನು ಬೈಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಊಟ ಮುಂದುವರಿಸಿದಳು. ತಟ್ಟೆ ಎತ್ತುತ್ತ ಸೊಸೆ, "ಪುಟ್ಟೀ, ತಾತಂಗೆ ನೀರು ಬೇಕಾ ಕೇಳು," ಎಂದಳು. ತಾತ ಒಂದು ಮಾರು ದೂರದಲ್ಲೇ ಕುಳಿತಿದ್ದ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸೊಸೆಯ ಮಾತು ಮಾವನಿಗೆ ತಲುಪಿದ್ದೆಲ್ಲ ಪುಟ್ಟಿಯ ಬಾಯಿಂದಲೇ. ತಾತಂಗೆ ಹೇಳು ಗ್ಯಾಸ್ ಆರಿಸೋಕೆ. ತಾತಂಗೆ ಹೇಳು ಬಟ್ಟೆ ಒಣಗಿದೆ ಅಂತ. ಪುಟ್ಟಿಗೆ ಮೊದಮೊದಲು ಅದು ಆಟವಾಗಿತ್ತು. ಆಮೇಲೆ, "ನೀನೇ ಹೇಳಮ್ಮ, ಅಲ್ಲೇ ಇದ್ದಾನೆ," ಎನ್ನತೊಡಗಿದಳು.

ಮುಷ್ಕರ ಅಲ್ಲಿಗೆ ಮುಗಿಯಿತು. ಅರ್ಧ ಮಂದಿಯನ್ನು ತೆಗೆಯಬೇಕೆಂದಿದ್ದವರು ಹನ್ನೊಂದು ಜನರನ್ನೂ ತೆಗೆದರು. ಗುತ್ತಿಗೆಯ ಅವಧಿ ಮುಗಿದಿತ್ತು, ಆ ವಾರ್ಡಿಗೆ ಹೊಸ ಗುತ್ತಿಗೆಯ ಅಗತ್ಯ ಕಾಣಲಿಲ್ಲ, ಅಷ್ಟೇ. ಬಾಗಿಲ ಮೇಲೆ ಹೊಸ ಬೋರ್ಡು ಬಂತು: ಸಮುದಾಯದ ಸೇವೆಯಿಂದ ನಡೆಯುವ ಮಾದರಿ ವಾರ್ಡು. ಉದ್ಘಾಟನೆಯ ದಿನ ಹಳದಿ ಮೇಲಂಗಿಯವರಿಗೆಲ್ಲ ಬಿಸ್ಕತ್ತು ಹಂಚಿದರು.

ಬಿಟ್ಟಿ ಬಂದವರನ್ನು ಕಟ್ಟಿಹಾಕಲಾಗುವುದಿಲ್ಲ. ಮೊದಲು ಹೋದವರು ಕಾಲೇಜಿನ ಮಕ್ಕಳು. ಪರೀಕ್ಷೆ ಹತ್ತಿರ ಬಂತು, ಸರ್ಟಿಫಿಕೇಟೂ ಕೈಗೆ ಬಂದಿತ್ತು. ವಾರಕ್ಕೆರಡು ದಿನ ಪೇಪರ್ ಓದಿ ಹೇಳುವುದಕ್ಕೆ ಬರುವವರು ಬೇರೆ, ದಿನಾ ಬೆಳಿಗ್ಗೆ ಮೂವತ್ತು ಜನರ ಹೇಲುಚ್ಚೆ ಬಳಿಯುವುದಕ್ಕೆ ಬರುವವರು ಬೇರೆ. ಬೇಕರಿಯವನ ಹೆಂಡತಿ ಒಂದು ವಾರ ಮೂಗು ಮುಚ್ಚಿಕೊಂಡು ಮಾಡಿ, ಅಂಗಡಿಯಲ್ಲಿ ಆಳಿಲ್ಲ ಎಂದಳು. ದರ್ಜಿಗೆ ಕಣ್ಣಿನ ಆಪರೇಷನ್. ಟೀಚರ್ ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೊರಟರು. ಹೋಗುವಾಗ, "ನಿಮ್ಮಂಥೋರು ಇರೋದ್ರಿಂದ ನಂಗೆ ನೆಮ್ಮದಿ," ಎಂದು ಕೈ ಮುಗಿದರು. ಕೊನೆಗೆ ಹಳೆಯ ಡ್ರೈವರ್. ಅವನು ನೇರ ಮನುಷ್ಯ. "ಬೇಜಾರಾಯ್ತು ಕಣಯ್ಯಾ," ಎಂದ. "ಸಂಬಳ ಕೊಟ್ಟಿದ್ರೆ ಬೇಜಾರಾದ್ರೂ ಬರ್ತಿದ್ದೆ."

ಉಳಿದವನು ಕಂಡಕ್ಟರ್, ಜೊತೆಗೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಇಬ್ಬರು ಮೂವರು. ಅವನು ಒಂದನೆಯ ಹಾಸಿಗೆಯಿಂದ ಶುರುಮಾಡಿ ಹನ್ನೆರಡಕ್ಕೆ ಬರುವಷ್ಟರಲ್ಲಿ ಮಧ್ಯಾಹ್ನದ ತಟ್ಟೆಗಳು ಬಂದಿರುತ್ತಿದ್ದವು, ಬೆಳಗಿನವು ಆಚೆ ತುದಿಯಲ್ಲಿ ಮುಟ್ಟದೆ ಹಾಗೇ ಇರುತ್ತಿದ್ದವು. ತಟ್ಟೆ ಒಯ್ಯುವವನು ತಿಂದದ್ದನ್ನೂ ತಿನ್ನದ್ದನ್ನೂ ಒಂದೇ ಬಕೆಟ್ಟಿಗೆ ಸುರಿದು ಹೋಗುತ್ತಿದ್ದ. ಅವಸರಕ್ಕೆ ಬಿದ್ದು ಕಂಡಕ್ಟರ್ ಕೆನ್ನೆ ನೋಡುವುದನ್ನು ಬಿಟ್ಟ. ಆಮೇಲೆ ಗಂಟಲು ನೋಡುವುದನ್ನೂ ಬಿಟ್ಟ. ಬಡಗಿ ಕೆಮ್ಮುತ್ತಿದ್ದ. "ನುಂಗೋ ಮಹಾರಾಯ, ಇನ್ನೂ ಜನ ಕಾಯ್ತಿದ್ದಾರೆ," ಎಂದು ಇವನು ಇನ್ನೊಂದು ಚಮಚ ಇಡುತ್ತಿದ್ದ.

ಬಡಗಿಗೆ ಜ್ವರ ಬಂದ ದಿನ ಅವನು ಸೂಪರಿಂಟೆಂಡೆಂಟರ ಕೋಣೆಗೆ ಹೋದ. ಫ್ಯಾನ್ ಕೆಳಗೆ ನಿಂತು, ಮೇಲಂಗಿ ಕೈಯಲ್ಲಿ ಹಿಡಿದುಕೊಂಡು, ಆಯಾಗಳನ್ನು ವಾಪಸು ಕರೆಸಿ ಎಂದ.

"ಯಾಕೆ?" ಎಂದರು ಅವರು. ಅವರ ಆಶ್ಚರ್ಯ ನಿಜವಾದದ್ದೇ. "ಪಕ್ಕದ ವಾರ್ಡೂ ಕೊಡಿ ಅಂದವರು ನೀವೇ ಅಲ್ವಾ? ನಾನು ಮೇಲಿನವರಿಗೆ ಅದನ್ನೇ ಹೇಳಿದೆ. ಆ ಬಾಬತ್ತಿನ ದುಡ್ಡು ಈಗ ಬೇರೆ ಕಡೆ ಹೋಗಿದೆ."

"ಬಾಯಿ ತಪ್ಪಿ ಬಂದಿದ್ದು ಸಾರ್. ನಾನೇನು ದೊಡ್ಡ ಮನುಷ್ಯನಾ? ಒಬ್ಬ ಕಂಡಕ್ಟರ್ ಹೇಳಿದ ಅಂತ ಆಸ್ಪತ್ರೆ ನಡೆಸ್ತಾರಾ?"

"ನೀವು ಹೇಳದಿದ್ರೂ ಇನ್ನೊಬ್ಬರು ಹೇಳ್ತಿದ್ರು ಬಿಡಿ," ಎಂದರು ಸೂಪರಿಂಟೆಂಡೆಂಟ್ ಸಮಾಧಾನದ ದನಿಯಲ್ಲಿ. "ಸುಸ್ತಾಗಿದ್ರೆ ಒಂದೆರಡು ದಿನ ರಜೆ ತಗೊಳ್ಳಿ. ನಿಮ್ಮನ್ನ ಯಾರೂ ಬಲವಂತ ಮಾಡ್ತಿಲ್ಲವಲ್ಲ. ಸ್ವಂತ ಇಚ್ಛೆಯ ಸೇವೆ ಇದು."

ಬಡಗಿಯ ಪುಪ್ಪುಸಕ್ಕೆ ಗಂಜಿ ಇಳಿದಿತ್ತು. ಮೂಗಿಗೆ ನಳಿಕೆ ಹಾಕಿದರು. ಎಡಗೈಯಿಂದ ಅದನ್ನು ಕಿತ್ತುಕೊಳ್ಳುತ್ತಾನೆಂದು ಆ ಕೈಯನ್ನು ಮಂಚದ ಕಂಬಿಗೆ ಕಟ್ಟಿದರು. ಕಂಡಕ್ಟರ್ ಒಂದು ಸಂಜೆ ಗಂಟು ಸಡಿಲಿಸಿ ಆ ಕೈಯನ್ನು ಹಿಡಿದುಕೊಂಡು ಕುಳಿತ. "ನೋವಾಗ್ತಿದೆಯಾ?" ಎಂದು ಕೇಳಿದ. ಬಡಗಿ ಅವನ ಮುಖ ನೋಡಿದ, ಯಾವ ಮಾತೂ ಬರಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ಹೋದಾಗ ಏಳನೆಯ ಹಾಸಿಗೆಯ ಚಾದರ ಬದಲಾಗಿತ್ತು, ಹೊಸಬನೊಬ್ಬ ಅಲ್ಲಿ ಛಾವಣಿ ನೋಡುತ್ತ ಮಲಗಿದ್ದ.

ಸೊಸೆಗೆ ಕೆಲಸ ಸಿಕ್ಕಿತು. ಬೇರೆ ಊರಿನಲ್ಲಿ, ಸಾಹುಕಾರರೊಬ್ಬರ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುವ ಕೆಲಸ. ಅವರ ಮನೆಯಲ್ಲೇ ಇರಬೇಕು, ವರ್ಷಕ್ಕೊಮ್ಮೆ ರಜೆ. ಮಗ ಬೇಡ ಎಂದ. ಬೇಡವೆಂದು ಹೇಳಲು ಅವನ ಸಂಪಾದನೆ ಸಾಲದು ಎಂದು ಇಬ್ಬರಿಗೂ ಗೊತ್ತಿತ್ತು. ಹೊರಡುವ ದಿನ ಅವಳು ಪುಟ್ಟಿಯ ತಲೆ ಬಾಚಿದಳು, ಬಿಚ್ಚಿ ಇನ್ನೊಮ್ಮೆ ಬಾಚಿದಳು. ಕಂಡಕ್ಟರ್ ಅವಳ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದ. ಅವಳು ಪೆಟ್ಟಿಗೆಯನ್ನು ತನ್ನ ಕಡೆ ಎಳೆದುಕೊಂಡಳು.

"ಅಮ್ಮಾ," ಎಂದ ಅವನು. "ಒಂದು ಮಾತು ಬೈದಾದ್ರೂ ಹೋಗು."

ಅವಳು ನಿಂತಳು. "ಬೈಯೋಕೆ ಏನೂ ಉಳಿದಿಲ್ಲ ಮಾವ," ಎಂದಳು. ನೇರ ಅವನಿಗೇ ಹೇಳಿದ್ದು, ಪುಟ್ಟಿಯ ಮೂಲಕವಲ್ಲ. ಆಮೇಲೆ ಮೆಟ್ಟಿಲಿಳಿದು ಹೋದಳು. ಮಗ ಪೆಟ್ಟಿಗೆ ಹಿಡಿದು ಹಿಂದೆ ಹೋದ. ಪುಟ್ಟಿ ಬಾಗಿಲಲ್ಲಿ ನಿಂತು, ಅವರು ಬೀದಿಯ ತಿರುವು ದಾಟುವವರೆಗೂ ಅಮ್ಮಾ ಎಂದು ಕೂಗಿದಳು. ಅವಳ ಕೈ ಹಿಡಿಯಲು ತಾತ ಹೋದರೆ ಕೊಸರಿಕೊಂಡಳು.

ಮಳೆಗಾಲ ಕಳೆಯುವಷ್ಟರಲ್ಲಿ ಆ ವಾರ್ಡನ್ನು ಮುಚ್ಚಿ, ರೋಗಿಗಳನ್ನು ಅವರವರ ಮನೆಗೆ ಕಳಿಸಿದರು. ಮನೆ ಇಲ್ಲದವರನ್ನು ಎಲ್ಲಿಗೆ ಕಳಿಸಿದರೋ ಕಂಡಕ್ಟರನಿಗೆ ಯಾರೂ ಹೇಳಲಿಲ್ಲ.

ಹನ್ನೊಂದು ಜನರ ಕೆಲಸ ಹೋಯಿತು. ಬಡಗಿ ಹೋದ, ಅವನ ಹಿಂದೆ ಅದೇ ಸಾಲಿನ ಇನ್ನಿಬ್ಬರು ಹೋದರು. ಮೂವತ್ತು ಹಾಸಿಗೆ ಹೋದವು. ಒಬ್ಬಳು ಸೊಸೆ ಹೋದಳು.